ಗುಣವಾಗುವ ತಿಂಗಳುಗಳಿಗೂ ಹಣ ತೆಗೆದಿಡಿ

ಮೂಳೆ ಮುರಿದವರ ಮನೆಯಲ್ಲಿ ಆಸ್ಪತ್ರೆಯ ಖರ್ಚು ಕೆಲವು ದಿನಗಳದ್ದು, ಗುಣವಾಗುವ ಖರ್ಚು ತಿಂಗಳುಗಟ್ಟಲೆಯದ್ದು. ಮೊದಲನೆಯದಕ್ಕೆ ಆರೋಗ್ಯ ವಿಮೆಯೋ, ಸರಕಾರದ ಯೋಜನೆಯೋ, ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿಯೋ ಒದಗುತ್ತದೆ. ಎರಡನೆಯದಕ್ಕೆ ನಮ್ಮ ಹೆಚ್ಚಿನ ಮನೆಗಳಲ್ಲಿ ಲೆಕ್ಕವೇ ಇರುವುದಿಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಅತ್ತೂ ಕರೆದೂ ಹಣ ಹೊಂದಿಸುತ್ತೇವೆ, ಗಾಯಾಳುವಿನ ಮನಸ್ಸಿಗೆ ಬೇಕಾದ ಖರ್ಚನ್ನು ಎಲ್ಲಕ್ಕಿಂತ ಮೊದಲು ಕತ್ತರಿಸುತ್ತೇವೆ.

ಕಳೆದ ಮಳೆಗಾಲದ ಕೊನೆಗೆ ನಮ್ಮ ಯಜಮಾನರು ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಪಾದದ ಗಂಟು ಮುರಿದುಕೊಂಡರು. ಮಂಗಳೂರಿನ ಆಸ್ಪತ್ರೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿದರು. ಆರು ವಾರ ಕಾಲು ಊರಬಾರದು, ಆಮೇಲೆ ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಹಾಕಬೇಕು ಎಂದು ಡಾಕ್ಟರು ಹೇಳಿದರು. ಬಂಟ್ವಾಳದ ಬಿ.ಸಿ.ರೋಡಿನಿಂದ ಒಳಗಿರುವ ನಮ್ಮದು ಸಣ್ಣ ಅಡಿಕೆ ತೋಟ. ಬೆಳಗಾದರೆ ತೋಟಕ್ಕಿಳಿಯುತ್ತಿದ್ದ ಮನುಷ್ಯ ಚಾವಡಿಯ ಮಂಚಕ್ಕೆ ಅಂಟಿಕೊಂಡಾಗ ಮನೆಯ ಹಣಕಾಸು ಹೇಗೆಲ್ಲ ಬದಲಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡೆ.

ಬಿಲ್ಲಿನಲ್ಲಿ ಕಾಣದ ಖರ್ಚು

ಆರೋಗ್ಯ ವಿಮೆಯ ಕಂಪನಿ ಶಸ್ತ್ರಚಿಕಿತ್ಸೆಯ ಬಿಲ್ಲಿನ ದೊಡ್ಡ ಪಾಲನ್ನು ಕೊಟ್ಟಿತು. ಅಪಘಾತಕ್ಕೆ ಹೊಸ ಪಾಲಿಸಿಯ ಮೊದಲ 30 ದಿನಗಳ ಕಾಯುವಿಕೆ ಅನ್ವಯಿಸುವುದಿಲ್ಲ ಎಂಬುದು ಓದುಗರಿಗೆ ತಿಳಿದಿರಲಿ. ಆದರೆ ವಾಕರ್, ಊರುಗೋಲಿನಂಥ ಸಾಧನಗಳು ಹೆಚ್ಚಿನ ಪಾಲಿಸಿಗಳಲ್ಲಿ ಹೊರಗೆ. ಬಿಡುಗಡೆಯ ನಂತರದ ಔಷಧ, ಎಕ್ಸ್‌ರೇ ಖರ್ಚನ್ನು ಸಾಮಾನ್ಯವಾಗಿ 60 ದಿನಗಳವರೆಗೆ ಕೊಡುತ್ತಾರೆ. ಕೆಲವು ಪಾಲಿಸಿಗಳಲ್ಲಿ ಅದು 90 ಅಥವಾ ಇನ್ನೂ ಹೆಚ್ಚು. ಫಿಸಿಯೋಥೆರಪಿ ನಿಜವಾಗಿ ಬಿರುಸಾಗುವುದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಅಷ್ಟು ಹೊತ್ತಿಗೆ ಆ ಗಡುವು ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಇದಕ್ಕಿಂತ ದೊಡ್ಡದು ದುಡಿಮೆಯ ನಷ್ಟ. ಇವರು ಮಾಡುತ್ತಿದ್ದ ನೀರು ಬಿಡುವುದು, ಬಿದ್ದ ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಹರವುವುದು, ಎಲ್ಲಕ್ಕೂ ಆಳು ಬೇಕಾಯಿತು. ಸಂಬಳದ ಕೆಲಸದಲ್ಲಿರುವವರಿಗೆ ರಜೆ ಇರುತ್ತದೆ. ತೋಟದವರಿಗೆ, ಅಂಗಡಿಯವರಿಗೆ, ರಿಕ್ಷಾ ಓಡಿಸುವವರಿಗೆ ಆ ಸೌಲಭ್ಯವಿಲ್ಲ. ನಮ್ಮ ಕಡೆ ಅಡಿಕೆ ಬೆಳೆಗಾರರು ಒಳ್ಳೆಯ ಧಾರಣೆಗೆ ಕಾದು ಚಾಲಿಯನ್ನು (ಒಣಗಿಸಿದ ಅಡಿಕೆ) ಅಟ್ಟದಲ್ಲಿ ಇಡುತ್ತಾರೆ. ಕೈಯಲ್ಲಿ ನಗದು ಇಲ್ಲದ ಮನೆಯಲ್ಲಿ ಅಪಘಾತವಾದರೆ ಆ ಗೋಣಿಗಳು ಧಾರಣೆ ನೋಡದೆ ಪೇಟೆಗೆ ಹೋಗುತ್ತವೆ. ಮುರಿದ ಕಾಲಿನ ಖರ್ಚಿಗೆ ಆ ನಷ್ಟವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಆಸ್ಪತ್ರೆಗೆ ಹೋಗಿಬರುವುದೂ ಸಣ್ಣ ಖರ್ಚಲ್ಲ. ಬಂಟ್ವಾಳದವರು ಮಂಗಳೂರಿಗೆ ಹೋಗುವಾಗ ಬ್ರಹ್ಮರಕೂಟ್ಲು ಟೋಲ್ ದಾಟಬೇಕು. 2025ರ ಆಗಸ್ಟ್ 15ರಂದು ಖಾಸಗಿ ಕಾರು, ವ್ಯಾನುಗಳಿಗೆ 3,000 ರೂಪಾಯಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಆರಂಭವಾಯಿತು. 200 ಸಲ ದಾಟಬಹುದು, ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷದಲ್ಲಿ ಹೆಚ್ಚು ಓಡಾಟ ಇಲ್ಲದವರಿಗೆ ಇದು ಲಾಭವಲ್ಲ. ಟೋಲಿನ 20 ಕಿ.ಮೀ. ಒಳಗೆ ಇರುವವರು ಸ್ಥಳೀಯರ ತಿಂಗಳ ಪಾಸನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಕಾರವಾನ್ ಬೇಕೇ?

ಡಿಸೆಂಬರ್ ಹೊತ್ತಿಗೆ ಇವರ ಕಾಲು ಚೇತರಿಸಿಕೊಳ್ಳುತ್ತಿತ್ತು, ಮನಸ್ಸು ಮಾತ್ರ ಕುಸಿಯುತ್ತಿತ್ತು. ಚಳಿಗಾಲವೆಂದರೆ ನಮ್ಮೂರಿನಲ್ಲಿ ಕಂಬಳ, ಯಕ್ಷಗಾನ, ಜಾತ್ರೆಗಳ ಕಾಲ. ಕರೆಯೋಲೆಗಳು ಬಂದು ಮೇಜಿನ ಮೇಲೆ ಬೀಳುತ್ತಿದ್ದವು. "ಮಾರಾಯ್ತಿ, ಎಲ್ಲಿಗಾದರೂ ಕರ್ಕೊಂಡು ಹೋಗು. ಈ ಮಾಡಿನ ಹಂಚು ಎಣಿಸಿ ಎಣಿಸಿ ಸಾಕಾಯಿತು" ಎಂದರು. ಡಾಕ್ಟರನ್ನು ಕೇಳಿದೆ. ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು, ಕಾಲನ್ನು ಎತ್ತರಿಸಿ ಇಡಬೇಕು, ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಮೀನಖಂಡ ಊದಿಕೊಂಡು ನೋವು ಬಂದರೆ ಕೂಡಲೇ ತೋರಿಸಬೇಕು ಎಂದು ಹೇಳಿ ಒಪ್ಪಿಗೆ ಕೊಟ್ಟರು.

ಬೆಂಗಳೂರಿನಲ್ಲಿರುವ ಮಗ ಕಾರವಾನ್ ಬಾಡಿಗೆಗೆ ತೆಗೆದುಕೊಳ್ಳಲು ಹೇಳಿದ. ಮಲಗಲು ಹಾಸಿಗೆ, ಶೌಚಾಲಯ, ಸಣ್ಣ ಅಡುಗೆ ಕಟ್ಟೆ, ಎಲ್ಲ ಒಂದೇ ಗಾಡಿಯಲ್ಲಿ. ನಮಗೆ ಸಿಕ್ಕಿದ ದರ ದಿನಕ್ಕೆ 10,000 ರೂಪಾಯಿಯ ಮೇಲೆ. ಡೀಸೆಲ್, ಡ್ರೈವರ್ ಬಾಟಾ, ಬೆಂಗಳೂರಿನಿಂದ ಗಾಡಿ ಖಾಲಿ ಬಂದು ಹೋಗುವ ಕಿಲೋಮೀಟರುಗಳ ಲೆಕ್ಕ ಬೇರೆ. ಹಾಸಿಗೆ ಹಿಡಿದ ಹಿರಿಯರನ್ನು ಹಂಪಿಗೋ ವಿಜಯಪುರಕ್ಕೋ ಕರೆದೊಯ್ಯುವ ದೊಡ್ಡ ಕುಟುಂಬಕ್ಕೆ ಈ ಹಣ ಸಾರ್ಥಕ. ದಾರಿಯಲ್ಲಿ ಶೌಚಾಲಯ ಹುಡುಕುವ ಸಂಕಟವೊಂದೇ ತಪ್ಪಿದರೂ ದೊಡ್ಡದು. ಆದರೆ ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು: ಹತ್ತುವ ಮೆಟ್ಟಿಲು ಎಷ್ಟು ಎತ್ತರ? ಶೌಚಾಲಯದೊಳಗೆ ವಾಕರ್ ತಿರುಗುತ್ತದೆಯೇ? ರಾತ್ರಿ ಎಲ್ಲಿ ನಿಲ್ಲಿಸುತ್ತಾರೆ, ಕರೆಂಟು ಎಲ್ಲಿಂದ? ವೈದ್ಯಕೀಯ ಕಾರಣಕ್ಕೆ ರದ್ದು ಮಾಡಿದರೆ ಎಷ್ಟು ವಾಪಸ್?

ನಾವು ನೋಡಹೊರಟದ್ದು ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ. ಬಿ.ಸಿ.ರೋಡಿನಿಂದ ಪೊಳಲಿ, ಕೈಕಂಬ, ಮೂಡುಬಿದಿರೆ, ವೇಣೂರು, ಗುರುವಾಯನಕೆರೆ, ಉಜಿರೆ, ಧರ್ಮಸ್ಥಳ, ಮತ್ತೆ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗದ ಮೇಲೆ ಮನೆಗೆ. ಸುತ್ತು ಹೆಚ್ಚೆಂದರೆ 150 ಕಿ.ಮೀ. ಆಸುಪಾಸು. ಇಷ್ಟಕ್ಕೆ ಕಾರವಾನ್ ಬೇಡವೆಂದು ತೀರ್ಮಾನಿಸಿ ನಮ್ಮ ಹಳೆಯ ಓಮ್ನಿಯನ್ನೇ ಸಜ್ಜುಗೊಳಿಸಿದೆ. ಮಾರುತಿ ಈ ಗಾಡಿಯನ್ನು 2019ರಲ್ಲಿ ನಿಲ್ಲಿಸಿದರೂ ನಮ್ಮ ಒಳದಾರಿಗಳಲ್ಲಿ ಅದು ಇನ್ನೂ ಓಡುತ್ತಿದೆ. ಪಕ್ಕಕ್ಕೆ ಜಾರುವ ಅಗಲದ ಬಾಗಿಲು ಇರುವುದರಿಂದ ಪ್ಲೇಟು ಹಾಕಿದ ಕಾಲನ್ನು ಮಡಚದೆ ಒಳಗೆ ತರಬಹುದು. ಸೀಟು ಕಿತ್ತು ಹಾಸಿಗೆ ಕೂರಿಸಿಕೊಡುತ್ತೇನೆ ಎಂದು ಗ್ಯಾರೇಜಿನವರು ಹೇಳಿದರು, ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ಸ್ವರೂಪವನ್ನು ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಬದಲಿಸಿದರೆ ಅಪಘಾತದ ಕ್ಲೇಮಿನಲ್ಲೂ ತಕರಾರು ಏಳುತ್ತದೆ. ಸೀಟಿನ ಮೇಲೆ ತೆಗೆದಿಡಬಹುದಾದ ಹತ್ತಿಯ ಹಾಸಿಗೆ, ಕಾಲಿನ ಕೆಳಗೆ ಎರಡು ದಿಂಬು, ಇಳಿಯುವ ಕಡೆ ಇಡಲು ಅಗಲದ ಮಣೆಯೊಂದು, ಇಷ್ಟೇ ಮಾಡಿದ್ದು. ಗಾಡಿ ಓಡುವಾಗ ಬೆಲ್ಟ್ ಹಾಕಿ ಕೂತಿರುವುದು, ನಿಲ್ಲಿಸಿದಾಗ ಮಾತ್ರ ಮಲಗುವುದು ಎಂದು ಮೊದಲೇ ಮಾತಾಯಿತು. ಓಡಿಸಿದ್ದು ನಾನು.

ಕಾಲಿಗೆ ಬೇಕಾದ್ದಕ್ಕೆ ಮೊದಲ ಹಣ

ಗಾಯಾಳುವಿನೊಂದಿಗೆ ಹೊರಟಾಗ ಯಾವ ಖರ್ಚು ಕಾಲಿನ ಶ್ರಮ ತಪ್ಪಿಸುತ್ತದೋ ಅದನ್ನು ಧಾರಾಳವಾಗಿ ಮಾಡಬೇಕು, ಉಳಿದೆಲ್ಲವನ್ನೂ ಬಿಗಿ ಹಿಡಿಯಬೇಕು. ಊಟ, ತಿರುಗಾಟ, ಖರೀದಿ ಬಿಗಿ. ರೂಮಿನ ವಿಷಯದಲ್ಲಿ ಸಡಿಲ. ಲಾಡ್ಜಿಗೆ ಫೋನ್ ಮಾಡಿದಾಗ ನಾನು ದರಕ್ಕಿಂತ ಮೊದಲು ಕೇಳಿದ್ದು ನೆಲ ಅಂತಸ್ತಿನ ರೂಮು, ಎತ್ತರದ ಕಮೋಡ್, ಬಚ್ಚಲಿಗೆ ಇಳಿಯುವ ಮೆಟ್ಟಿಲು ಇದೆಯೋ ಇಲ್ಲವೋ ಎಂಬುದನ್ನು. ಬೇಕೆಂದಾಗ ರದ್ದು ಮಾಡಬಹುದಾದ ಬುಕಿಂಗಿಗೆ ಸ್ವಲ್ಪ ಹೆಚ್ಚು ಕೊಟ್ಟೆ, ಏಕೆಂದರೆ ಕಾಲು ಊದಿಕೊಂಡರೆ ಅದೇ ದಿನ ತಿರುಗಬೇಕಾಗುತ್ತದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಉತ್ಸವ, ಕಂಬಳದ ಹೊತ್ತಿಗೆ ರೂಮು ಸಿಗುವುದೇ ಕಷ್ಟ. ವಾರದ ನಡುವೆ ಹೋದದ್ದರಿಂದ ದರವೂ ಇಳಿಯಿತು, ಜಂಗುಳಿಯೂ ತಪ್ಪಿತು.

ವೇಣೂರಿನ ಹತ್ತಿರ ನಾದಿನಿಯ ಮನೆ. "ಅತ್ತಿಗೆ, ನಮ್ಮ ಮನೆ ಇರುವಾಗ ರೂಮು ಮಾಡುವುದಾ? ಎಂತ ಗ್ರಹಚಾರ ಇದು!" ಎಂದು ಅವಳಿಗೆ ಬೇಸರವಾಯಿತು. ಅವಳದು ಹಳೆಯ ಕಾಲದ ಮನೆ. ಎತ್ತರದ ಹೊಸಿಲುಗಳು, ಅಂಗಳ ದಾಟಿ ಹೋಗಬೇಕಾದ ಬಚ್ಚಲು. ರಾತ್ರಿ ಅಲ್ಲಿ ವಾಕರ್ ಜಾರಿದರೆ ಇನ್ನೊಂದು ಶಸ್ತ್ರಚಿಕಿತ್ಸೆ. ಮಧ್ಯಾಹ್ನ ಅವಳ ಕೈಯ ಊಟ ಮಾಡಿ, ರಾತ್ರಿ ಉಜಿರೆಯ ರೂಮಿಗೆ ಹೋದೆವು. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಒಳಗಾಗದೆ ಕೊಡಬೇಕಾದ ಹಣ ಇದು. ನಿಮ್ಮ ಮನೆಯಲ್ಲೂ ಈ ಪ್ರಸಂಗ ಬಂದರೆ ಕಾರಣವನ್ನು ಬಿಡಿಸಿ ಹೇಳಿ, ನಾದಿನಿಯಂತೆ ಅವರೂ ಅರ್ಥ ಮಾಡಿಕೊಳ್ಳುತ್ತಾರೆ.

ಗಾಲಿಕುರ್ಚಿಯನ್ನು ಕೊಳ್ಳಲಿಲ್ಲ, ಬಾಡಿಗೆಗೆ ತಂದೆವು. ಕೆಲವೇ ವಾರ ಬೇಕಾಗುವ ಸಾಧನಕ್ಕೆ ಸಾವಿರಾರು ರೂಪಾಯಿ ಹಾಕಿ ಆಮೇಲೆ ಅಟ್ಟಕ್ಕೆ ಏರಿಸುವುದರಲ್ಲಿ ಅರ್ಥವಿಲ್ಲ. ನಿಮ್ಮ ಊರಿನ ರೋಟರಿ, ಲಯನ್ಸ್ ಕ್ಲಬ್ಬುಗಳಲ್ಲೂ ಒಮ್ಮೆ ವಿಚಾರಿಸಿ ನೋಡಿ.

ಜಾಗಗಳನ್ನು ಆರಿಸಿದ್ದೂ ಮೆಟ್ಟಿಲು ನೋಡಿಯೇ. ಕಾರಿಂಜದ ಬೆಟ್ಟವನ್ನು ಬಿಟ್ಟೆವು, ಪೊಳಲಿ ರಾಜರಾಜೇಶ್ವರಿಯ ದರ್ಶನ ಮಾಡಿದೆವು. ಗಡಾಯಿಕಲ್ಲನ್ನು ರಸ್ತೆಯಿಂದಲೇ ನೋಡಿದೆವು. ಕಾರ್ಕಳದ ಗೊಮ್ಮಟ ಬೆಟ್ಟದ ಮೇಲೆ, ಹಾಗಾಗಿ ಅದನ್ನೂ ಬಿಟ್ಟೆವು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣಾಜಿಲ ಅರಸರು ನಿಲ್ಲಿಸಿದ 35 ಅಡಿಯ ಬಾಹುಬಲಿಗೆ ಬೆಟ್ಟ ಹತ್ತಬೇಕಾಗಿಲ್ಲ. ಧರ್ಮಸ್ಥಳದ ರತ್ನಗಿರಿಗೆ ಗಾಡಿಯೇ ಏರುತ್ತದೆ. 1982ರಲ್ಲಿ ಪ್ರತಿಷ್ಠೆಯಾದ, ರೆಂಜಾಳ ಗೋಪಾಲ ಶೆಣೈಯವರು ಕಡೆದ 39 ಅಡಿಯ ಮೂರ್ತಿಯನ್ನು ಇವರು ಕಣ್ತುಂಬ ನೋಡಿದರು. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಒಳಗೆ ಮೇಲೆಲ್ಲ ಹತ್ತದೆ, ಭೈರಾದೇವಿ ಮಂಟಪದ ಬುಡದ ಕೆತ್ತನೆಗಳ ಹತ್ತಿರ ಬಹಳ ಹೊತ್ತು ಕಳೆದರು. ಜಿರಾಫೆ, ಚೀನಾದ ಡ್ರ್ಯಾಗನ್ ಅಲ್ಲಿ ಕಲ್ಲಿನಲ್ಲಿವೆ. ಕಡಲಾಚೆಯ ವ್ಯಾಪಾರ ನಮ್ಮ ಊರಿಗೆ ತಂದ ಸುದ್ದಿ ಅದು. ಎಷ್ಟೋ ಸಲ ಈ ಬಸದಿಗೆ ಬಂದಿದ್ದ ಇವರು ಅದನ್ನು ಬೆರಳು ತೋರಿಸಿ ನನಗೆ ವಿವರಿಸಿದ್ದು ಇದೇ ಮೊದಲು. ಆ ದಿನ ರಾತ್ರಿ ನೋವಿನ ಮಾತ್ರೆ ಕೇಳದೆ ನಿದ್ದೆ ಮಾಡಿದರು.

ಪೆಟ್ರೋಲ್, ರೂಮು, ಗಾಲಿಕುರ್ಚಿಯ ಬಾಡಿಗೆ, ಊಟ ಎಲ್ಲ ಸೇರಿ ಕಾರವಾನಿನ ಒಂದು ದಿನದ ಬಾಡಿಗೆಯೊಳಗೆ ಮುಗಿಯಿತು.

ಯಾವ ವಿಮೆ ಏನು ಕೊಡುತ್ತದೆ

ಗಾಡಿಯ ವಿಮೆಯ ಜೊತೆಗೆ ಕಟ್ಟುವ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಯದ್ದು. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮೂರು ತಿಂಗಳಲ್ಲಿ ಕೂಡುವ ಮೂಳೆಗೆ ಅದರಿಂದ ಬಿಡಿಗಾಸೂ ಸಿಗದು. ಗಂಡನ ಹೆಸರಿನ ಗಾಡಿಯನ್ನು ಹೆಂಡತಿ ಓಡಿಸಿದರೆ ಆ ರಕ್ಷಣೆ ಅವಳಿಗೆ ಇರುವುದಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಹೀಗೆಯೇ. 2 ಲಕ್ಷ ಸಿಗುವುದು ಅಪಘಾತದ ಸಾವಿಗೆ ಮತ್ತು ಪೂರ್ಣ ಅಂಗವೈಕಲ್ಯಕ್ಕೆ, 1 ಲಕ್ಷ ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ. 18ರಿಂದ 70 ವರ್ಷದವರೆಲ್ಲ ಇದನ್ನು ಮಾಡಿಸಿಕೊಳ್ಳಲೇಬೇಕು, ಆದರೆ ಮುರಿದ ಕಾಲಿಗೆ ಇದನ್ನು ನಂಬಿ ಕೂರಬಾರದು.

ದುಡಿಮೆ ನಿಂತ ವಾರಗಳಿಗೆ ಹಣ ಕೊಡುವುದು ಬೇರೆ ಬಗೆಯ ಪಾಲಿಸಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ 'ಸರಳ ಸುರಕ್ಷಾ ಬಿಮಾ'ದಲ್ಲಿ ತಾತ್ಕಾಲಿಕ ಪೂರ್ಣ ಅಸಾಮರ್ಥ್ಯದ ಐಚ್ಛಿಕ ರಕ್ಷಣೆ ಇದೆ. ಅದನ್ನು ಸೇರಿಸಿಕೊಂಡರೆ ವಾರಕ್ಕೆ ವಿಮಾ ಮೊತ್ತದ ಶೇ 0.2 ಸಿಗುತ್ತದೆ. 10 ಲಕ್ಷದ ಪಾಲಿಸಿಗೆ ವಾರಕ್ಕೆ 2,000 ರೂಪಾಯಿ. ಬದಲಿ ಆಳಿನ ಸಂಬಳದ ಒಂದು ಪಾಲು ಅದರಲ್ಲಿ ಬರುತ್ತದೆ. ಸ್ವಂತ ದುಡಿಮೆಯವರು ಇದನ್ನು ಕೇಳಿ ಪಡೆಯಬೇಕು. ತಾವಾಗಿ ಹೇಳುವ ಏಜೆಂಟರು ಕಡಿಮೆ. ಈಗ ನಮ್ಮಿಬ್ಬರ ಹೆಸರಿನಲ್ಲೂ ಇಂಥ ಪಾಲಿಸಿ ಇದೆ.

ಆರೋಗ್ಯ ವಿಮೆಯನ್ನು ಮುಂದೂಡುತ್ತಿರುವವರಿಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ ಹೋಗಿದೆ. ಕೊಳ್ಳುವಾಗ ಪ್ರೀಮಿಯಂ ಜೊತೆಗೆ ಬಿಡುಗಡೆಯ ನಂತರದ ದಿನಗಳ ಮಿತಿಯನ್ನೂ ಹೋಲಿಸಿ ನೋಡಿ. ಮೂಳೆಯ ಗಾಯಕ್ಕೆ 60ಕ್ಕೂ 180ಕ್ಕೂ ಬಹಳ ವ್ಯತ್ಯಾಸ.

ನಿಧಿ ಎಷ್ಟು, ಎಲ್ಲಿ

ಮೂರು ತಿಂಗಳ ಮನೆಖರ್ಚು, ಅದರ ಮೇಲೆ ದುಡಿಯುವವರ ಕೆಲಸಕ್ಕೆ ಬದಲಿ ಆಳಿನ ಮೂರು ತಿಂಗಳ ಸಂಬಳ, ಇಷ್ಟನ್ನು ಬೇರೆಯೇ ತೆಗೆದಿಡಿ. ಒಮ್ಮೆಗೇ ಆಗದಿದ್ದರೆ ಪ್ರತಿ ಸಲ ಅಡಿಕೆ ಮಾರಿದಾಗ ಒಂದು ಭಾಗ ಅಲ್ಲಿಗೆ ಹೋಗಲಿ. ಈ ಹಣಕ್ಕೆ ಬಡ್ಡಿಗಿಂತ ಭದ್ರತೆ ಮುಖ್ಯ, ಬೇಕೆಂದ ದಿನ ಕೈಗೆ ಸಿಗುವುದು ಮುಖ್ಯ. ನಮ್ಮ ಜಿಲ್ಲೆಯಲ್ಲಿ ಸಹಕಾರ ಸಂಘಗಳ ಮೇಲೆ ಜನರಿಗೆ ಬಲವಾದ ನಂಬಿಕೆ, ಅದಕ್ಕೆ ಕಾರಣವೂ ಇದೆ. ಆದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಆಪತ್ತಿನ ಹಣವನ್ನಾದರೂ ಬ್ಯಾಂಕಿನಲ್ಲೇ ಇಡಿ.

ಆ ನಿಧಿಯ ಲೆಕ್ಕದಲ್ಲಿ ಔಷಧ, ಫಿಸಿಯೋಥೆರಪಿ, ಆಳಿನ ಸಂಬಳದ ಸಾಲಿನಲ್ಲೇ ತಿರುಗಾಟಕ್ಕೂ ಒಂದು ಮೊತ್ತ ಬರೆದಿಡಿ. ಹಾಸಿಗೆಯಲ್ಲಿರುವವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ, ತಮ್ಮಿಂದ ಈಗಾಗಲೇ ಖರ್ಚು ಹೆಚ್ಚಾಯಿತು ಎಂಬ ಸಂಕೋಚ ಅವರಿಗೆ ಇದ್ದೇ ಇರುತ್ತದೆ. ಮೊದಲೇ ತೆಗೆದಿಟ್ಟ ಹಣವಾದರೆ ಆ ಸಂಕೋಚಕ್ಕೆ ಎಡೆಯಿಲ್ಲ. ಹತ್ತಿರದ ಊರೇ ಸಾಕು, ಡಾಕ್ಟರ ಒಪ್ಪಿಗೆ ಪಡೆದು, ಮಳೆ ಇಲ್ಲದ ತಿಂಗಳು ನೋಡಿ ಹೊರಡಿ.