ಜೀವನಾಂಶದ ಆದೇಶ ಸಿಕ್ಕಿತೇ? ವರ್ಷ ಕಳೆಯಲು ಬಿಡಬೇಡಿ

ಜೀವನಾಂಶದ ಕೇಸಿನಲ್ಲಿ ಸೋತು ಹಣ ಕಳೆದುಕೊಂಡವರಿಗಿಂತ, ಗೆದ್ದು ಕಳೆದುಕೊಂಡವರನ್ನೇ ನನ್ನ ವಕೀಲಿಕೆಯಲ್ಲಿ ನಾನು ಹೆಚ್ಚು ನೋಡಿದ್ದೇನೆ. ದೇಗಾಂವ, ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಕಡೆಯಿಂದ ಬರುವ ಹೆಣ್ಣುಮಕ್ಕಳು ಕೋರ್ಟಿನ ಆದೇಶವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಡಿಕೆ ಹರಿಯದಂತೆ ಜೋಪಾನ ಮಾಡಿ ತಂದಿರುತ್ತಾರೆ. ಆದೇಶ ಜೋಪಾನವಾಗಿರುತ್ತದೆ, ದುಡ್ಡು ಮಾತ್ರ ಬಂದಿರುವುದಿಲ್ಲ. ನಾನು ಮೊದಲು ನೋಡುವುದು ಕೊನೆಯ ಹಾಳೆಯ ತಾರೀಖನ್ನು. ಆ ತಾರೀಖು ಹಳೆಯದಾಗಿದ್ದರೆ ಮುಂದಿನ ಮಾತು ಆಡಲು ನನಗೇ ಕಷ್ಟವಾಗುತ್ತದೆ.

ದೇಗಾಂವ ಕಡೆಯ ಒಬ್ಬ ತಂಗಿಯ ಲೆಕ್ಕ ಹೇಳುತ್ತೇನೆ. ಗಂಡ ತಿಂಗಳಿಗೆ 4,000 ರೂಪಾಯಿ ಕೊಡಬೇಕೆಂದು ಆದೇಶವಾಗಿತ್ತು. 38 ತಿಂಗಳು ಒಂದು ಪೈಸೆಯೂ ಬಂದಿರಲಿಲ್ಲ. ಬಾಕಿ 1,52,000 ರೂಪಾಯಿ. ವಾರಂಟ್ ಹೊರಡಿಸಿ ವಸೂಲಿ ಮಾಡಲು ಉಳಿದದ್ದು ಕೊನೆಯ ಹನ್ನೆರಡು ತಿಂಗಳ 48,000 ಮಾತ್ರ. ಉಳಿದ 1,04,000 ರೂಪಾಯಿಗೆ ಆ ಬಾಗಿಲು ಮುಚ್ಚಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ತಂಗಿ ಎಂದರೆ, ಊರಿನ ಹಿರಿಯರೊಬ್ಬರು ಪ್ರತಿ ಹಂಗಾಮಿಗೂ ಹೇಳಿದ್ದರಂತೆ: "ಕಬ್ಬಿನ ಬಿಲ್ ಬರ್ಲಿ ತಡಿ ಯವ್ವಾ, ಎಲ್ಲಾ ಒಮ್ಮೆಲೇ ಕೊಡಸ್ತೀನಿ."

ಆ ಮಾತಿಗೆ ಕಾದದ್ದಕ್ಕೆ ಲಕ್ಷ ರೂಪಾಯಿ ಹೋಯಿತು. ಇದು ಅವಳೊಬ್ಬಳ ಕಥೆಯಲ್ಲ. ಅದಕ್ಕೇ ಈ ಲೇಖನ.

ಮೊದಲು, ಯಾವ ಕೋರ್ಟು? 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಂತೆ ಕುಟುಂಬ ನ್ಯಾಯಾಲಯ ಇರುವ ಕಡೆ ಜೀವನಾಂಶದ ಅರ್ಜಿ ಅಲ್ಲಿಗೇ ಹೋಗಬೇಕು. ಅಲ್ಲಿನ ನ್ಯಾಯಾಧೀಶರು ಈ ಅರ್ಜಿ ಕೇಳುವಾಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವನ್ನೇ ಚಲಾಯಿಸುತ್ತಾರೆ. ಆ ನ್ಯಾಯಾಲಯದ ವ್ಯಾಪ್ತಿ ಇಲ್ಲದ ತಾಲ್ಲೂಕಿನಲ್ಲಿ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟು ಕೇಳುತ್ತದೆ. ಬೆಳಗಾವಿಯಲ್ಲಿ ಕುಟುಂಬ ನ್ಯಾಯಾಲಯವಿದೆ ಎಂದು ಬೈಲಹೊಂಗಲ, ಸವದತ್ತಿ, ರಾಮದುರ್ಗದವರೆಲ್ಲ ಬೆಳಗಾವಿಗೇ ಅಲೆಯಬೇಕು ಎಂದು ಯಾರಾದರೂ ಹೇಳಿದರೆ ಕೂಡಲೇ ಬಸ್ಸು ಹತ್ತಬೇಡಿ. ನಿಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಇನ್ನೊಂದು ಮಾತು: ಅರ್ಜಿ ಹಾಕಲು ಗಂಡನ ಊರಿಗೆ ಹೋಗಬೇಕಾಗಿಲ್ಲ. ನೀವು ತವರಿನಲ್ಲಿದ್ದರೆ ತವರು ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿಯೇ ಹಾಕಬಹುದು. ಗಂಡ ಪುಣೆಯಲ್ಲಿರಲಿ, ಗೋವೆಯಲ್ಲಿರಲಿ, ನೋಟಿಸು ಅಲ್ಲಿಗೆ ಹೋಗುತ್ತದೆ.

ಹಿಂದೆ ಎಲ್ಲರ ಬಾಯಲ್ಲೂ ಇದ್ದ ಸಿಆರ್‌ಪಿಸಿ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ನಂಬರು ಬದಲಾಗಿದೆ, ಹಕ್ಕು ಬದಲಾಗಿಲ್ಲ. "ಕಾನೂನೇ ಬದಲಾಗಿದೆ, ಹೊಸದಾಗಿ ಕೇಸು ಹಾಕಬೇಕು" ಎಂದು ಹೇಳಿ ಮತ್ತೆ ಫೀ ಕೇಳುವವರನ್ನು ನಂಬಬೇಡಿ. ಹಳೆಯ ಆದೇಶ ಈಗಲೂ ಆದೇಶವೇ.

ಅರ್ಜಿಗೆ ಬೇಕಾದ ಕಾಗದಗಳು ಹೆಚ್ಚೇನಿಲ್ಲ. ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ, ಆಧಾರ್, ರೇಷನ್ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ. ಗಂಡನ ಆದಾಯ ತೋರಿಸುವುದೇ ಕಷ್ಟ. ಕೋರ್ಟಿನಲ್ಲಿ ಎಲ್ಲ ಗಂಡಂದಿರೂ ಕೂಲಿಕಾರರೇ ಆಗಿಬಿಡುತ್ತಾರೆ. ಹೊಲದ ಉತಾರ ತೆಗೆಸಿ. ಕಬ್ಬು ಕಳಿಸುವವನಾಗಿದ್ದರೆ ಯಾವ ಕಾರ್ಖಾನೆಗೆ ಕಳಿಸುತ್ತಾನೆ, ಬಿಲ್ಲು ಯಾವ ಬ್ಯಾಂಕಿಗೆ ಜಮಾ ಆಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಇದ್ದರೆ ಅದರ ನಂಬರು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಬಗ್ಗೆ ಪ್ರಮಾಣಪತ್ರ ಸಲ್ಲಿಸಬೇಕು. ಅವನು ಸಲ್ಲಿಸದೆ ತಾರೀಖಿನ ಮೇಲೆ ತಾರೀಖು ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವಕೀಲರಿಗೆ ನೆನಪಿಸಿ. ಅದೇ ತೀರ್ಪು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದೂ ಹೇಳಿದೆ. ಆದ್ದರಿಂದ ರಾಜಿ ಮಾತುಕತೆ ನಡೆಯುತ್ತಿದ್ದರೂ ಅರ್ಜಿ ಹಾಕಿಯೇ ಮಾತಾಡಿ.

ನೋಟಿಸು ಜಾರಿಯಾದ 60 ದಿನಗಳೊಳಗೆ ಮಧ್ಯಂತರ ಜೀವನಾಂಶದ ಅರ್ಜಿ ಸಾಧ್ಯವಾದಷ್ಟು ಇತ್ಯರ್ಥವಾಗಬೇಕು ಎನ್ನುತ್ತದೆ ಕಾನೂನು. ನೋಟಿಸು ಜಾರಿಯಾಗಲೇ ಆರು ತಿಂಗಳು ಹಿಡಿಯುವುದುಂಟು. "ಆಸಾಮಿ ಊರಲ್ಲಿ ಇಲ್ಲ" ಎಂಬ ಷರಾದೊಂದಿಗೆ ನೋಟಿಸು ವಾಪಸ್ಸು ಬರುತ್ತದೆ. ಆಸಾಮಿ ಅದೇ ಸಂಜೆ ಊರ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಇದನ್ನು ನೋಡಿ ನೋಡಿ ಸಿಟ್ಟು ಬರುತ್ತದೆ. ಅವನು ಎಲ್ಲಿ ಸಿಗುತ್ತಾನೆ, ಎಷ್ಟು ಹೊತ್ತಿಗೆ ಸಿಗುತ್ತಾನೆ ಎಂಬುದನ್ನು ನೀವೇ ತಿಳಿದು, ಬರವಣಿಗೆಯಲ್ಲಿ ಕೋರ್ಟಿಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಯಾವ ಕಡತದಲ್ಲೂ ಉಳಿಯುವುದಿಲ್ಲ.

ಅರ್ಜಿಯಲ್ಲಿ ಮಕ್ಕಳ ಹೆಸರನ್ನು ಬಿಡಬೇಡಿ. ಹೆಂಡತಿ ಸಾಕಷ್ಟು ಕಾರಣವಿಲ್ಲದೆ ಬೇರೆ ಇದ್ದಾಳೆ ಎಂದು ಗಂಡ ವಾದಿಸಬಹುದು. ಆ ವಾದ ಮಗುವಿನ ಪಾಲಿಗೆ ಅಡ್ಡ ಬರುವುದಿಲ್ಲ.

ಈಗ ವರ್ಷದ ಮಾತು. 144ನೇ ಕಲಮಿನ ಮೂರನೇ ಉಪಕಲಮಿನಲ್ಲಿ ಒಂದು ಷರತ್ತಿದೆ. ಒಂದು ತಿಂಗಳ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ತಿಂಗಳ ಹಣಕ್ಕೆ ವಾರಂಟ್ ಸಿಗುವುದಿಲ್ಲ. ಪ್ರತಿ ತಿಂಗಳಿಗೂ ಅದರದೇ ಒಂದು ವರ್ಷ. ಇವತ್ತು ಅರ್ಜಿ ಹಾಕಿದರೆ ಹಿಂದಿನ ಹನ್ನೆರಡು ತಿಂಗಳು ಉಳಿಯುತ್ತವೆ, ಹದಿಮೂರನೆಯದು ಹೋಗುತ್ತದೆ. ಬರುವ ತಿಂಗಳು ಹಾಕುತ್ತೇನೆ ಎಂದರೆ ಇನ್ನೊಂದು ತಿಂಗಳು ಹೋಗುತ್ತದೆ. ಆದೇಶ ಮಾಡುವ ಕೋರ್ಟು ತಾನಾಗಿ ವಸೂಲಿ ಮಾಡಿಕೊಡುವುದಿಲ್ಲ. ಹಣ ಬಂದಿಲ್ಲ ಎಂದು ನೀವು ಅರ್ಜಿ ಹಾಕುವವರೆಗೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆದೇಶದ ದಿನ ಈ ಮಾತನ್ನು ಅರ್ಜಿದಾರಳಿಗೆ ಹೇಳಿ ಕಳಿಸುವವರು ಕಡಿಮೆ. ಹೇಳಬೇಕಾದವರಲ್ಲಿ ನಾವು ವಕೀಲರೂ ಇದ್ದೇವೆ.

ಹಾಗೆಂದು ಪ್ರತಿ ತಿಂಗಳೂ ಹೊಸ ಅರ್ಜಿ ಹಾಕಬೇಕಾಗಿಲ್ಲ. 2005ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಒಂದು ವಸೂಲಿ ಅರ್ಜಿ ಕಾಲಮಿತಿಯೊಳಗೆ ದಾಖಲಾಗಿ ನಡೆಯುತ್ತಿದ್ದರೆ, ಆಮೇಲೆ ಬಾಕಿಯಾದ ತಿಂಗಳುಗಳನ್ನು ಅದೇ ಕೇಸಿನಲ್ಲಿ ಮಧ್ಯಂತರ ಅರ್ಜಿಯ ಮೂಲಕ ಸೇರಿಸಬಹುದು. ಆದರೆ ಇಲ್ಲಿಯೂ ಎಚ್ಚರ. ನಿಮ್ಮ ಅರ್ಜಿ ಇನ್ನೂ ನಡೆಯುತ್ತಿದೆಯೇ? ನೀವು ನಾಲ್ಕು ತಾರೀಖಿಗೆ ಹಾಜರಾಗದೆ ಅದು ವಜಾ ಆಗಿದ್ದರೆ ಸೇರಿಸಲು ಏನೂ ಉಳಿದಿರುವುದಿಲ್ಲ, ವರ್ಷ ಮತ್ತೆ ಓಡತೊಡಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ನಂಬರು ಹಾಕಿದರೆ ಕೇಸಿನ ಸ್ಥಿತಿ, ಮುಂದಿನ ತಾರೀಖು ಎರಡೂ ಕಾಣುತ್ತವೆ. ಹತ್ತನೆಯ ತರಗತಿ ಓದುವ ಮಗಳಿದ್ದರೆ ಅವಳೇ ನೋಡಿ ಹೇಳುತ್ತಾಳೆ. ತಾರೀಖು ಹೇಳುವುದಕ್ಕೂ ನೂರು ರೂಪಾಯಿ ಕೇಳುವವರ ಹತ್ತಿರ ಹೋಗಬೇಕಾಗಿಲ್ಲ.

ಗಂಡ ಧಾರವಾಡದ ಹೈಕೋರ್ಟ್ ಪೀಠದಿಂದಲೋ ಸೆಷನ್ಸ್ ಕೋರ್ಟಿನಿಂದಲೋ ತಡೆಯಾಜ್ಞೆ ತಂದಿದ್ದಾನೆ ಎಂದು ಕೈಕಟ್ಟಿ ಕೂರಬೇಡಿ. ತಡೆ ಇದ್ದರೂ ವಸೂಲಿ ಅರ್ಜಿ ದಾಖಲಾಗಿರಲಿ. ಎಷ್ಟೋ ಸಲ ತಡೆಯಾಜ್ಞೆ ಇರುವುದು ಅವನ ಬಾಯಲ್ಲಿ ಮಾತ್ರ. ಪ್ರತಿ ತೋರಿಸು ಎನ್ನಿ.

ಅರೆಬರೆ ಹಣದ ಮಾತೂ ಇದೇ. ನಡುವೆ ಒಬ್ಬರು ಬಂದು ಎರಡು ಸಾವಿರ ಕೈಗಿತ್ತು ಹೋಗುತ್ತಾರೆ, ಆಮೇಲೆ ಇಪ್ಪತ್ತು ಸಾವಿರ ಕೊಟ್ಟಿದ್ದೇವೆ ಎಂದು ಕೋರ್ಟಿನಲ್ಲಿ ಹೇಳುತ್ತಾರೆ. ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರಬೇಕು ಎಂದು ಆದೇಶದಲ್ಲೇ ಬರೆಸಿಕೊಳ್ಳಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಸ್ವಂತ ಅಣ್ಣ ಹೇಳಿದರೂ ಒತ್ತಬೇಡಿ.

ವಸೂಲಿ ಅರ್ಜಿಗೆ ಬೇಕಾಗುವುದು ಆದೇಶದ ಪ್ರತಿ, ಬಾಕಿಯ ತಿಂಗಳವಾರು ಲೆಕ್ಕ, ನಿಮ್ಮ ಬ್ಯಾಂಕ್ ಪಾಸ್‌ಬುಕ್. ಆದೇಶದ ಪ್ರತಿಯನ್ನು ನಿಮಗೆ ಪುಕ್ಕಟೆಯಾಗಿ ಕೊಡಬೇಕು ಎಂದು ಸಂಹಿತೆಯ 147ನೇ ಕಲಮೇ ಹೇಳುತ್ತದೆ. ಅದಕ್ಕೂ ದುಡ್ಡು ಕೇಳಿದರೆ ನ್ಯಾಯಾಧೀಶರ ಮುಂದೆ ನಿಂತು ಹೇಳಿ, ಹೆದರಬೇಡಿ. ಅದೇ ಕಲಮಿನಂತೆ ಗಂಡ ಎಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರೂ ಆದೇಶ ಜಾರಿ ಮಾಡಿಸಬಹುದು.

ಆಮೇಲೆ ಕೋರ್ಟು ಎಫ್‌ಎಲ್‌ಡಬ್ಲ್ಯೂ ಹೊರಡಿಸುತ್ತದೆ, ಅಂದರೆ ದಂಡ ವಸೂಲಿ ಮಾಡುವ ರೀತಿಯಲ್ಲೇ ಹಣ ವಸೂಲಿ ಮಾಡುವ ವಾರಂಟ್. ಚರ ಆಸ್ತಿ ಜಪ್ತಿ ಮಾಡಬಹುದು, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆಯೂ ವಸೂಲಿ ಮಾಡಬಹುದು. ಇದು ಸ್ಟೇಷನ್ನಿಗೆ ಹೋಗಿ ಧೂಳು ತಿನ್ನುತ್ತದೆ ಎಂಬುದು ನನ್ನ ದೊಡ್ಡ ದೂರು. ಕಳವಿನ ವಾರಂಟಿಗೆ ಇರುವ ಅವಸರ ಹೆಂಡತಿ ಮಕ್ಕಳ ಅನ್ನದ ವಾರಂಟಿಗೆ ಇಲ್ಲ. ಇಷ್ಟರೊಳಗೆ ಗಂಡ ವಾಟ್ನಿ, ಅಂದರೆ ಆಸ್ತಿಯ ಪಾಲು ಮಾಡಿ ಹೊಲವನ್ನು ತಮ್ಮನ ಹೆಸರಿಗೆ ಹಚ್ಚಿಬಿಡುತ್ತಾನೆ. ಹಾಗಾಗಿ ಕೇಸು ನಡೆಯುವಾಗಲೇ ಆಗಾಗ ಉತಾರ ನೋಡುತ್ತಿರಿ. ಬದಲಾದರೆ ತಕ್ಷಣ ಕೋರ್ಟಿನ ಗಮನಕ್ಕೆ ತನ್ನಿ.

ವಾರಂಟಿಗೂ ಬಗ್ಗದಿದ್ದರೆ ಒಂದು ತಿಂಗಳವರೆಗೆ, ಇಲ್ಲವೇ ಹಣ ಕಟ್ಟುವವರೆಗೆ ಜೈಲು. "ಜೈಲಿಗೆ ಹೋಗಿ ಬಂದೆ, ಬಾಕಿ ತೀರಿತು" ಎನ್ನುವವರಿದ್ದಾರೆ. ತೀರುವುದಿಲ್ಲ. ಜೈಲು ಹಣ ಕಟ್ಟಿಸುವ ದಾರಿಯಷ್ಟೇ, ಹಣಕ್ಕೆ ಬದಲಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ.

ಸೋಡಚೀಟಿಯ, ಅಂದರೆ ಹಿರಿಯರ ಮುಂದೆ ಬರೆಸುವ ಬಿಡುಗಡೆ ಪತ್ರದ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಸಿಕ್ಕೆ ಹಾಕಿಸಿದ ಮಾತ್ರಕ್ಕೆ ಹಿಂದೂ ಮದುವೆ ಮುರಿಯುವುದಿಲ್ಲ. ಸಮಾಜದಲ್ಲಿ ಹಾಗೊಂದು ರೂಢಿ ಇದೆ ಎನ್ನುವವರು ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆದರೆ ಆ ಕಾಗದದಲ್ಲಿ "ಇಬ್ಬರೂ ಒಪ್ಪಿ ಬೇರೆ ಇದ್ದೇವೆ" ಎಂಬ ಸಾಲು ಇರುತ್ತದೆ. ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ ಎನ್ನುವ ಕಲಮನ್ನು ಆಮೇಲೆ ಅದರ ಮೇಲೆಯೇ ಕಟ್ಟುತ್ತಾರೆ. ಸಹಿ ಹಾಕಿಬಿಟ್ಟಿದ್ದರೂ ಕೈಬಿಡಬೇಡಿ, ಜೀವನಾಂಶ ಬೇಡ ಎಂದು ಬರೆದುಕೊಟ್ಟ ಕರಾರು ಈ ಹಕ್ಕನ್ನು ಕಿತ್ತುಕೊಳ್ಳಲಾರದು. ವಿಚ್ಛೇದನವಾದ ಹೆಣ್ಣಿಗೂ ಮರುಮದುವೆಯಾಗುವವರೆಗೆ ಹಕ್ಕಿದೆ. ಮುಸ್ಲಿಂ ಹೆಣ್ಣುಮಕ್ಕಳಿಗೂ ಇದೆ ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಮತ್ತೆ ಎತ್ತಿ ಹಿಡಿದಿದೆ.

ಮಕ್ಕಳು ನೋಡಿಕೊಳ್ಳದ ತಂದೆತಾಯಿಗೂ 144ನೇ ಕಲಮು ಅನ್ವಯಿಸುತ್ತದೆ. ಹಿರಿಯ ನಾಗರಿಕರಿಗೆ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗುವ ದಾರಿಯೂ ಇದೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಹೊಡೆತ ಬಡಿತ ಇರುವ ಮನೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನೂ ಹಾಕಿ. ಅಲ್ಲಿ ವಾಸದ ಹಕ್ಕು, ರಕ್ಷಣೆ, ಹಣ ಮೂರನ್ನೂ ಕೇಳಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯುವವರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಸಮಿತಿ ನೇಮಿಸಿದ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ಸಮಿತಿಗೇ ಬರೆದು ಕೊಡಿ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಆದೇಶ ಯಾರದ್ದಾದರೂ ಟ್ರಂಕಿನಲ್ಲಿದ್ದರೆ ಇವತ್ತೇ ತೆಗೆಸಿ ತಾರೀಖು ನೋಡಿ. ಹಣ ನಿಂತು ಹನ್ನೊಂದು ತಿಂಗಳಾಗಿದ್ದರೆ ಇನ್ನೊಂದು ತಿಂಗಳು ಕೈಯಲ್ಲಿದೆ. ಹದಿನೆಂಟಾಗಿದ್ದರೂ ಹನ್ನೆರಡು ತಿಂಗಳ ಹಣ ಉಳಿಸಿಕೊಳ್ಳಬಹುದು. ಓದಲು ಬಾರದವರಿದ್ದರೆ ಓದಿ ಹೇಳಿ. ಕಾನೂನು ನೆರವಿನ ಸಹಾಯವಾಣಿ 15100. ಸೋಮವಾರ ಕೋರ್ಟು ತೆರೆದಿರುತ್ತದೆ, ಹೋಗಿ ವಸೂಲಿ ಅರ್ಜಿ ಹಾಕಿ.