ಗುಡಿಯ ಮರ ಉಳಿಸಿದ ಕುಮಾಗುಸು

ಬನ್ನಿ, ಇವತ್ತು ನಾವು ಜಪಾನ್ ದೇಶದ ಒಂದು ಗುಡಿಯ ವಿಷಯ ಓದೋಣ.

ಜಪಾನಿನಲ್ಲಿ ಬೆಟ್ಟ ಹೆಚ್ಚು, ಬಯಲು ಕಡಿಮೆ. ಅಲ್ಲಿನ ವಾಕಯಾಮ ಪ್ರಾಂತ್ಯದ ಬೆಟ್ಟಗಳ ನಡುವೆ ನೊನಾಕ ಅಂತ ಒಂದು ಪುಟ್ಟ ಹಳ್ಳಿ. ಕುಮಾನೊ ಎಂಬ ಪುಣ್ಯಸ್ಥಳಕ್ಕೆ ಯಾತ್ರಿಕರು ನಡೆದು ಹೋಗುವ ಹಳೆಯ ದಾರಿ ಇಲ್ಲೇ ಹಾದುಹೋಗುತ್ತದೆ. ದಾರಿಯ ಪಕ್ಕ ಮೆಟ್ಟಿಲು ಹತ್ತಿದರೆ ಚಿಕ್ಕದೊಂದು ಗುಡಿ. ಅದರ ಹೆಸರು ತ್ಸುಗಿಜಕುರ. ದೊಡ್ಡ ಗೋಪುರ ಇಲ್ಲ. ಸುತ್ತ ಸುಗಿ ಎಂಬ ಮುಗಿಲೆತ್ತರದ ಮರಗಳು. ನಾಲ್ಕು ಜನ ಕೈ ಕೈ ಹಿಡಿದು ನಿಂತರೂ ದೊಡ್ಡ ಮರದ ಬುಡ ತಬ್ಬೋಕೆ ಆಗಲ್ಲ! ಇವುಗಳ ಕೊಂಬೆಗಳು ದಕ್ಷಿಣ ದಿಕ್ಕಿಗೇ ಚಾಚಿವೆ.

ಇದು ಶಿಂಟೋ ಧರ್ಮದ ಗುಡಿ. ಶಿಂಟೋದಲ್ಲಿ ದೇವರಿಗೆ ಕಾಮಿ ಅಂತಾರೆ. ಮರ, ಬಂಡೆ, ಜಲಪಾತದಲ್ಲೂ ಕಾಮಿ ಇರುತ್ತಾರೆ ಎಂಬುದು ಅಲ್ಲಿನ ಜನರ ನಂಬಿಕೆ. ಹಾಗಾಗಿ ಗುಡಿಯ ಸುತ್ತಲಿನ ಕಾಡಿಗೆ ಕೊಡಲಿ ಹಾಕುತ್ತಿರಲಿಲ್ಲ. ನಮ್ಮ ಕೊಡಗಿನ ದೇವರಕಾಡು ಇದೆಯಲ್ಲ, ಹಾಗೆ.

1906ರಲ್ಲಿ ಅಲ್ಲಿನ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಊರಿಗೆ ಒಂದು ಗುಡಿ ಸಾಕು, ಉಳಿದವನ್ನು ಅದರಲ್ಲೇ ಸೇರಿಸಿ ಎಂದಿತು. ದೇಶದಲ್ಲಿ ಸುಮಾರು 70 ಸಾವಿರ ಗುಡಿಗಳು ಹೋದವು. ಗುಡಿ ಹೋದ ಮೇಲೆ ಅದರ ಕಾಡನ್ನು ಕೇಳುವವರು ಯಾರು? ಮರ ಕಡಿದರು, ಮಾರಿದರು.

ಅದೇ ಪ್ರಾಂತ್ಯದಲ್ಲಿ ಮಿನಾಕಾತ ಕುಮಾಗುಸು ಎಂಬ ವಿದ್ವಾಂಸರಿದ್ದರು. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ ಬಂದವರು. ಕೊಳೆತ ಮರದ ಮೇಲೆ ಬೆಳೆಯುವ ಲೋಳೆಯಂಥ ಸಣ್ಣ ಜೀವಿಗಳನ್ನು ಹುಡುಕುತ್ತಾ ಕಾಡು ಸುತ್ತುತ್ತಿದ್ದರು. ಅವರಿಗೆ ಈ ಆಜ್ಞೆ ಸಹಿಸಲು ಆಗಲಿಲ್ಲ. 'ಮರ ಹೋದರೆ ಹಕ್ಕಿ ಹೋಗುತ್ತದೆ. ಹಕ್ಕಿ ಹೋದರೆ ಹುಳು ಹೆಚ್ಚಿ ಬೆಳೆ ಹಾಳು' ಎಂಬುದು ಅವರ ವಾದ. ಪತ್ರಿಕೆಗಳಿಗೆ ಬರೆದರು. ದೊಡ್ಡವರಿಗೆ ಪತ್ರ ಹಾಕಿದರು. ಮನುಷ್ಯ ಭಾರೀ ಮುಂಗೋಪಿ! 1910ರಲ್ಲಿ ಒಂದು ಸಭೆಗೆ ನುಗ್ಗಿ ಗಲಾಟೆ ಮಾಡಿದರು. ಅದು ಸರಿ ಅಂತ ನಾವು ಹೇಳೋದಿಲ್ಲ. ಅದಕ್ಕಾಗಿ 18 ದಿನ ಜೈಲಿನಲ್ಲಿದ್ದರು. ಜೈಲಿನಲ್ಲೂ ಸುಮ್ಮನಿರಲಿಲ್ಲ, ಅಲ್ಲೂ ಒಂದು ಲೋಳೆ ಜೀವಿ ಹುಡುಕಿದರು!

ನೊನಾಕದ ಸುಗಿ ಮರಗಳಿಗೂ ಕೊಡಲಿ ಬಿತ್ತು. ಕುಮಾಗುಸು ಬಿಡದೆ ಹೋರಾಡಿದರು. ಹಲವು ಮರ ಹೋದವು. ಎಂಟೊಂಬತ್ತು ಉಳಿದವು. ಗುಡಿಗಳನ್ನು ಸೇರಿಸುವುದರಿಂದ ಲಾಭವಿಲ್ಲ ಎಂದು 1920ರಲ್ಲಿ ಜಪಾನಿನ ಮೇಲ್ಮನೆಯೇ ಒಪ್ಪಿತು. ಅಷ್ಟರಲ್ಲಿ ಎಷ್ಟೋ ಊರುಗಳ ಕಾಡು ಬರಿದಾಗಿತ್ತು.

2004ರಲ್ಲಿ ಕುಮಾನೊ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಈಗ ಬೇರೆ ದೇಶದವರೂ ಅಲ್ಲಿ ನಡೆಯಲು ಬರುತ್ತಾರೆ. ಗುಡಿಯ ಕೆಳಗೆ ಒಂದು ತಣ್ಣನೆಯ ಚಿಲುಮೆ ಇದೆ. ದಣಿದವರು ಅಲ್ಲಿ ಬೊಗಸೆಯೊಡ್ಡಿ ನೀರು ಕುಡಿಯುತ್ತಾರೆ.