ಕಾಯಿಲೆ ಕೇಳಬೇಡ, ಮಾತ್ರೆ ಕೇಳು

ತಮ್ಮಾ, ಹಚ್ಚೆ ಹಾಕಲು, ಕಿವಿ ಚುಚ್ಚಲು ನಿನ್ನ ಕೈ ಚೆನ್ನಾಗಿ ಪಳಗಿದೆ. ಗೆರೆ ನಡುಗುವುದಿಲ್ಲ, ಬಣ್ಣ ತುಂಬುವ ಹದವೂ ಬಂದಿದೆ. ಆದರೆ ಗಿರಾಕಿ ಕುರ್ಚಿಯಲ್ಲಿ ಕೂತ ಕೂಡಲೇ ಮೆಷಿನ್ ಆನ್ ಮಾಡುತ್ತೀಯಲ್ಲ, ಅದು ನನಗೆ ಸರಿಕಾಣುತ್ತಿಲ್ಲ. ಫಾರಂ ತುಂಬಿಸಿದ್ದೇನೆ ಅನ್ನಬೇಡ. 'ಕಾಯಿಲೆ ಇದೆಯೇ' ಎಂಬುದರ ಮುಂದೆ ಎಲ್ಲರೂ 'ಇಲ್ಲ' ಎಂದೇ ಗೀಚುತ್ತಾರೆ. ನಮ್ಮ ಜನ ಬಿಪಿ, ಶುಗರನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

'ದಿನಾ ಏನಾದರೂ ಮಾತ್ರೆ ತಗೋತೀರಾ?' ಅಂತ ಕೇಳು. ಶುಗರು, ಫಿಟ್ಸು ಎಲ್ಲ ತಾನಾಗಿ ಹೊರಬರುತ್ತದೆ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ವಾರ್ಫರಿನ್, ಆಸ್ಪಿರಿನ್ ತಗೊಳ್ಳುವವರಿಗೆ ರಕ್ತ ಜಿನುಗುತ್ತಲೇ ಇರುತ್ತದೆ. 'ಎರಡು ದಿನ ಮಾತ್ರೆ ಬಿಟ್ಟು ಬನ್ನಿ' ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡ, ಅದನ್ನು ಹೇಳಬೇಕಾದವರು ಡಾಕ್ಟರು. ಹೃದಯದ ಕವಾಟದ ತೊಂದರೆಯಿದ್ದವರು ಡಾಕ್ಟರ ಚೀಟಿ ತರಲಿ. ಚುಚ್ಚಿದ ಜಾಗದಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕವಾಟಕ್ಕೇ ಅಂಟಿಕೊಂಡೀತು. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುವ ಕಾಲೇಜು ಹುಡುಗರಿಗೆ ಅದು ಔಷಧ ಅಂತಲೇ ಅನ್ನಿಸಿರುವುದಿಲ್ಲ. ಹೆಸರು ಹಿಡಿದೇ ಕೇಳು.

ಕಣ್ಣಿಗೂ ಕೆಲಸ ಕೊಡು. ಎಡತೋಳಿನಲ್ಲಿ ಬಿಸಿಜಿ ಚುಚ್ಚಿದ ಗುರುತಿರುತ್ತದಲ್ಲ, ಅದು ತಗ್ಗಾಗಿರದೆ ಗಂಟುಗಟ್ಟಿ, ಮಿರಿಮಿರಿ ಹೊಳೆಯುತ್ತ ಮೇಲೆದ್ದಿದ್ದರೆ ಕೀಲಾಯ್ಡ್ ಆಗುವ ಚರ್ಮ ಅಂದುಕೋ. ಅಂಥವರ ಕಿವಿ ಚುಚ್ಚಿದರೆ ಅಲ್ಲೂ ಕಡಲೆಕಾಳಿನಂಥ ಗಂಟು ಬೆಳೆದೀತು. ಉಮಾಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆತ ಬರುತ್ತದೆ ಅನ್ನುವವರಿಗೆ ನಿಕಲ್ ಆಗದಿರಬಹುದು. ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ಚುಚ್ಚುವಾಗಲಂತೂ ಎರಡು ಪಟ್ಟು ಎಚ್ಚರ ಬೇಕು. ಅಲ್ಲಿ ರಕ್ತದ ಓಡಾಟ ಕಮ್ಮಿ, ಕೀವಾದರೆ ಕಿವಿಯ ಆಕಾರವೇ ಕೆಡುತ್ತದೆ. 'ತಿಂಡಿ ಆಯ್ತಾ?' ಅಂತಲೂ ಕೇಳು. ಏಕಾದಶಿ ಉಪವಾಸದಲ್ಲಿ ಬಂದು ತಲೆಸುತ್ತಿ ಬೀಳುವವರೂ ಇದ್ದಾರೆ.

ಹೆಪಟೈಟಿಸ್ ಬಿ, ಎಚ್‌ಐವಿ ವಿಷಯದಲ್ಲಿ ಮಾತ್ರ ಗಿರಾಕಿಯ ಉತ್ತರ ನೆಚ್ಚಿಕೊಳ್ಳಬೇಡ. ಎಷ್ಟೋ ಜನಕ್ಕೆ ತಮಗೆ ಅದಿದೆ ಎಂದೇ ಗೊತ್ತಿರುವುದಿಲ್ಲ. ಯಾರೇ ಬರಲಿ, ಹೊಸ ಸೂಜಿ, ಹೊಸ ಇಂಕ್ ಕಪ್, ಹೊಸ ಗ್ಲೌಸ್. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ 7 ದಿನ ಬದುಕಿರಬಲ್ಲದು. ನೀನು ಲಸಿಕೆಯ 3 ಡೋಸ್ ಮುಗಿಸಿದ್ದೀಯೋ ಇಲ್ಲವೋ? ನಂಬಿ ಹೇಳಿಕೊಂಡವರ ಗುಟ್ಟು ನಿನ್ನಲ್ಲೇ ಇರಲಿ, ಮುಖ ಸಿಂಡರಿಸಿ ಓಡಿಸಬೇಡ.

ಗೆಳೆಯರ ಗುಂಪಿನೆದುರು ಇದನ್ನೆಲ್ಲ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಒಳಗೆ ಕರೆದು ಕೇಳು. ಅದೂ ಅಡ್ವಾನ್ಸ್ ತಗೊಳ್ಳುವ ಮೊದಲೇ. ದುಡ್ಡು ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ 'ನಿಮಗೆ ಬೇಡ' ಅನ್ನಲು ನಾಲಗೆ ಹೊರಳುವುದಿಲ್ಲ.